ಅಲಾರಂಗೊಂದು ಸ್ವಂತ ಬ್ಯಾಟರಿ

ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಕಾರು ಕೊಂಡವರೆಲ್ಲ ದಿನಾಲೂ ಕಾರು ಓಡಿಸುವುದಿಲ್ಲ. ಧಾರವಾಡದ ಮಾಳಮಡ್ಡಿ, ಸಪ್ತಾಪುರದ ಎಷ್ಟೋ ಮಂದಿ ಮನೆ ಮುಂದೆ ಗಾಡಿ ಬಿಟ್ಟು ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬರುತ್ತಾರೆ. 2023ರ ಜೂನ್‌ನಲ್ಲಿ ಧಾರವಾಡದಿಂದ ವಂದೇ ಭಾರತ್ ರೈಲು ಶುರುವಾದ ಮೇಲೆ ಬೆಂಗಳೂರಿನ ಕೆಲಸಕ್ಕೂ ಕಾರು ಒಯ್ಯಬೇಕಾಗಿಲ್ಲ. ಗೋಕುಲ ರಸ್ತೆಯ ವಿಮಾನ ನಿಲ್ದಾಣದಲ್ಲೋ ರೈಲು ನಿಲ್ದಾಣದಲ್ಲೋ ವಾರಗಟ್ಟಲೆ ಕಾರು ನಿಲ್ಲಿಸಿ ಹೋಗುವವರೂ ಇದ್ದಾರೆ. ಹೀಗೆ ನಿಂತ ಕಾರನ್ನು ಕಾಯಲು ಅಲಾರಂ ಇದೆ ಎಂಬ ಧೈರ್ಯ ಅವರದು. ಆದರೆ ಅಲಾರಂಗೆ ಬೇಕಾದ ಕರೆಂಟ್ ಬರುವುದು ಅದೇ ಕಾರಿನ ಬ್ಯಾಟರಿಯಿಂದ. ಬ್ಯಾಟರಿ ಇಳಿದರೆ, ಇಲ್ಲವೇ ಯಾರಾದರೂ ಅದರ ಕೇಬಲ್ಲು ಕಿತ್ತರೆ, ಅಲಾರಂನ ಬಾಯಿ ಕಟ್ಟಿತು. ಇದಕ್ಕೆ ಪರಿಹಾರವೆಂದು ಗ್ಯಾರೇಜಿನಲ್ಲಿ ಸುಲಭವಾಗಿ ಸಿಗುವ ಸಲಹೆ ಒಂದಿದೆ: 'ಇನ್ನೊಂದು ಬ್ಯಾಟರಿ ಕೂಡಿಸಿಬಿಡ್ರಿ.' ಸಲಹೆ ತಪ್ಪಲ್ಲ, ಆದರೆ ಅರ್ಧ ಸಲಹೆ. ಎರಡನೇ ಬ್ಯಾಟರಿಯ ಬೆಲೆ ಅದು ಎಷ್ಟು ದೊಡ್ಡದು ಎಂಬುದರಲ್ಲಿಲ್ಲ. ಮೊದಲನೆಯದರಿಂದ ಎಷ್ಟು ಬೇರೆಯಾಗಿದೆ ಎಂಬುದರಲ್ಲಿದೆ. ಈ ಮಾತನ್ನು ಲೆಕ್ಕ ಸಮೇತ ನಿಮ್ಮ ಮುಂದಿಡುತ್ತೇನೆ.

ಮೊದಲು ಅಲಾರಂನ ಹಸಿವು ಎಷ್ಟೆಂದು ನೋಡೋಣ. ವಾಹನಗಳ ಅಲಾರಂ ಕುರಿತು ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗ ರೂಪಿಸಿದ 97ನೇ ನಿಯಮದ ಪ್ರಕಾರ, ಕಾವಲಿಗೆ ನಿಂತ ಅಲಾರಂ ಸರಾಸರಿ 20 ಮಿಲಿಆಂಪಿಯರ್‌ಗಿಂತ ಹೆಚ್ಚು ಕರೆಂಟ್ ಎಳೆಯಕೂಡದು. ಅಂದರೆ ದಿನವೊಂದಕ್ಕೆ 0.48 ಆಂಪಿಯರ್-ಅವರ್. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 35 ಆಂಪಿಯರ್-ಅವರ್‌ನ ಬ್ಯಾಟರಿ ಇರುತ್ತದೆ. ಅರ್ಧ ಖಾಲಿಯಾಗುವವರೆಗೆ ಅದನ್ನು ಬಳಸಬಹುದು ಎಂದುಕೊಂಡರೂ 17.5 ಆಂಪಿಯರ್-ಅವರ್ ಸಿಕ್ಕಿತು. ಅಲಾರಂ ಒಂದೇ ಅದನ್ನು ಉಣ್ಣುತ್ತಿದ್ದರೆ 36 ದಿನ ಬೇಕು. ಕಾರಿನ ಗಡಿಯಾರ, ರೇಡಿಯೊದ ನೆನಪು, ಸೆಂಟ್ರಲ್ ಲಾಕ್, ಎಂಜಿನ್ನಿನ ಕಂಪ್ಯೂಟರ್ ಎಲ್ಲ ಸೇರಿ 50 ಮಿಲಿಆಂಪಿಯರ್ ಎಳೆದರೆ ಹದಿನಾಲ್ಕು ದಿನ ದಾಟುತ್ತದೆ. ಈಗ ಡಿಕ್ಕಿಯ ಸ್ವಿಚ್ಚು ಕೆಟ್ಟು ಒಳಗಿನ 5 ವ್ಯಾಟಿನ ಬಲ್ಬು ಉರಿಯುತ್ತಲೇ ಉಳಿಯಿತು ಅನ್ನಿ. ಆ ಚಿಕ್ಕ ಬಲ್ಬು 420 ಮಿಲಿಆಂಪಿಯರ್ ಎಳೆಯುತ್ತದೆ. ಅದೇ ಅರ್ಧ ಬ್ಯಾಟರಿ 42 ಗಂಟೆಗಳಲ್ಲಿ ಮುಗಿಯುತ್ತದೆ. ಎರಡು ದಿನ ಬಿಟ್ಟು ಬಂದಾಗ ಸೆಲ್ಫ್ ಹೊಡೆಯದಿದ್ದರೆ ಎಲ್ಲರೂ ಮೊದಲು ಬೈಯುವುದು ಅಲಾರಂ ಅನ್ನೇ. ಲೆಕ್ಕ ಮಾತ್ರ ಬೇರೆ ಕಡೆ ಬೆರಳು ತೋರಿಸುತ್ತದೆ.

ಆದ್ದರಿಂದ ಎರಡನೇ ಬ್ಯಾಟರಿಗೆ ದುಡ್ಡು ಕೊಡುವ ಮೊದಲು ಸೋರಿಕೆ ಅಳೆಯಬೇಕು. ಬ್ಯಾಟರಿಯ ನೆಗೆಟಿವ್ ಕೇಬಲ್ಲು ಬಿಚ್ಚಿ, ಕೇಬಲ್ಲಿಗೂ ಟರ್ಮಿನಲ್ಲಿಗೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರ್ ಅಳತೆಯಲ್ಲಿಟ್ಟು, ಕಾರು ಲಾಕ್ ಮಾಡಿ ಅರ್ಧ ಗಂಟೆ ಕಾಯಬೇಕು. ಇಂದಿನ ಕಾರುಗಳ ಕಂಪ್ಯೂಟರುಗಳು ಲಾಕ್ ಆದ ಕೂಡಲೇ ಮಲಗುವುದಿಲ್ಲ. ಅವಸರದಲ್ಲಿ ನೋಡಿದರೆ ಇಲ್ಲದ ಸೋರಿಕೆ ಕಾಣುತ್ತದೆ. ಅರ್ಧ ಗಂಟೆಯ ಮೇಲೂ ಮೀಟರು 50 ಮಿಲಿಆಂಪಿಯರ್‌ಗಿಂತ ಬಹಳ ಹೆಚ್ಚು ತೋರಿಸಿದರೆ ಫ್ಯೂಜುಗಳನ್ನು ಒಂದೊಂದಾಗಿ ತೆಗೆಯುತ್ತ ಹೋಗಬೇಕು. ಯಾವ ಫ್ಯೂಜು ತೆಗೆದಾಗ ಮೀಟರಿನ ಅಂಕಿ ಕೆಳಗಿಳಿಯುವುದೋ ಆ ದಾರಿಯಲ್ಲೇ ಕಳ್ಳನಿದ್ದಾನೆ. ನಮ್ಮ ಧಾರವಾಡದ ಜಿಟಿಜಿಟಿ ಮಳೆಗಾಲದಲ್ಲಿ ಟರ್ಮಿನಲ್ಲಿಗೆ ಹಸಿರು-ಬಿಳಿ ಕಿಲುಬು ಹತ್ತಿ, ಬ್ಯಾಟರಿ ಪೂರ್ತಿ ಚಾರ್ಜೇ ಆಗದೆ ಉಳಿಯುವುದೂ ಉಂಟು. ಅದನ್ನು ಉಜ್ಜಿ ತೆಗೆಯಲು ಹೊಸ ಬ್ಯಾಟರಿ ಬೇಕಿಲ್ಲ, ಬಿಸಿನೀರು ಮತ್ತು ಸೋಡಾಪುಡಿ ಸಾಕು.

'ಹಾಗಾದರೆ ಸೋರಿಕೆ ನಿಲ್ಲಿಸಿದರೆ ಮುಗಿಯಿತಲ್ಲ, ಎರಡನೇ ಬ್ಯಾಟರಿ ಯಾತಕ್ಕೆ?' ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ದಿನಾಲೂ ಹುಬ್ಬಳ್ಳಿಗೂ ಧಾರವಾಡಕ್ಕೂ ಓಡಾಡುವ, ರಾತ್ರಿ ಕಂಪೌಂಡಿನೊಳಗೆ ನಿಲ್ಲುವ ಕಾರಿಗೆ ನಿಜಕ್ಕೂ ಬೇಡ. ಆದರೆ ಬ್ಯಾಟರಿ ತಾನಾಗಿ ಇಳಿಯುವುದು ಅಲಾರಂಗೆ ಬರುವ ಎರಡು ಕುತ್ತುಗಳಲ್ಲಿ ಒಂದು ಮಾತ್ರ. ಇನ್ನೊಂದು, ಬೇಕೆಂದೇ ಅದನ್ನು ಕಡಿಯುವುದು. ಸೈರನ್ನಿನ ಬಾಯಿ ಮುಚ್ಚಿಸಲು ಅತಿ ಸುಲಭದ ದಾರಿ ಬಾನೆಟ್ ಎತ್ತಿ ಬ್ಯಾಟರಿಯ ಒಂದು ಕೇಬಲ್ಲು ತೆಗೆಯುವುದು. ಲಾರಿಗಳಲ್ಲಿ ಬಾನೆಟ್ಟಿನ ತೊಡಕೂ ಇಲ್ಲ, ಬ್ಯಾಟರಿ ಪೆಟ್ಟಿಗೆ ಚಾಸಿಯ ಪಕ್ಕದಲ್ಲಿ ಬಯಲಲ್ಲೇ ಇರುತ್ತದೆ. ಸೀಸಕ್ಕೆ ಗುಜರಿಯಲ್ಲಿ ಬೆಲೆ ಇರುವುದರಿಂದ ಬ್ಯಾಟರಿಯೇ ಕಳವಿನ ಮಾಲು ಕೂಡ. ಈ ಎರಡನೇ ಆಪತ್ತಿಗೆ ಸೋರಿಕೆಯ ರಿಪೇರಿ ಔಷಧವಾಗದು. ಇಲ್ಲಿ ಬೇಕಾದದ್ದು ಮೊದಲ ಬ್ಯಾಟರಿ ಸತ್ತರೂ ಸಾಯದ ಇನ್ನೊಂದು ಆಸರೆ.

ಆಸರೆ ಎಂದ ಕೂಡಲೇ ನಮ್ಮ ಮನಸ್ಸು ಹೋಗುವುದು ಮನೆಯ ಇನ್ವರ್ಟರ್ ಕಡೆಗೆ. ಕರೆಂಟ್ ಹೋದಾಗ ಹೆಚ್ಚು ಹೊತ್ತು ಫ್ಯಾನು ತಿರುಗಬೇಕೆಂದರೆ ಇನ್ನೂ ದೊಡ್ಡ ಟ್ಯೂಬುಲರ್ ಬ್ಯಾಟರಿ, ಇಲ್ಲವೇ ಒಂದರ ಜೊತೆ ಇನ್ನೊಂದು. ಮನೆಗೆ ಒಪ್ಪುವ ಈ ತರ್ಕವನ್ನೇ ಕಾರಿಗೂ ತಂದು, 35ರ ಪಕ್ಕಕ್ಕೆ ಇನ್ನೊಂದು 35 ಇಟ್ಟು, ಪಾಸಿಟಿವ್‌ಗೆ ಪಾಸಿಟಿವ್, ನೆಗೆಟಿವ್‌ಗೆ ನೆಗೆಟಿವ್ ನೇರವಾಗಿ ಕಟ್ಟಿಸುವವರಿದ್ದಾರೆ. ಇದರಿಂದ ಏನಾಗುತ್ತದೆ? ಡಿಕ್ಕಿಯ ಬಲ್ಬು 42 ಗಂಟೆಗೆ ಮುಗಿಸುತ್ತಿದ್ದುದನ್ನು 84 ಗಂಟೆಗೆ ಮುಗಿಸುತ್ತದೆ. ಮುಗಿದಾಗ ಎರಡೂ ಒಟ್ಟಿಗೆ ಮುಗಿದಿರುತ್ತವೆ. ಹಳೆಯದೊಂದು ಹೊಸದೊಂದು ಜೋಡಿಸಿದರಂತೂ ಹಳೆಯದು ಹೊಸದನ್ನು ರಾತ್ರಿಯೆಲ್ಲ ಹೀರುತ್ತಿರುತ್ತದೆ. ಕಾರು ಸ್ಟಾರ್ಟ್ ಮಾಡುವ ಬ್ಯಾಟರಿಯ ಪ್ಲೇಟುಗಳು ತೆಳ್ಳಗಿರುತ್ತವೆ. ಒಂದೆರಡು ಸೆಕೆಂಡು ನೂರಾರು ಆಂಪಿಯರ್ ಕೊಡಲು ಅವು ಹುಟ್ಟಿದ್ದು. ಪದೇ ಪದೇ ತಳಮುಟ್ಟ ಇಳಿಸಿದರೆ ಪ್ಲೇಟಿನ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂತು ಮತ್ತೆ ಚಾರ್ಜು ಹಿಡಿಯುವುದಿಲ್ಲ. ಒಂದರ ರೋಗ ಇನ್ನೊಂದಕ್ಕೆ ಅಂಟುವಂತೆ ಕಟ್ಟಿದ ಮೇಲೆ ಅವು ಎರಡು ಬ್ಯಾಟರಿ ಅನಿಸಿಕೊಳ್ಳುವುದಿಲ್ಲ. ದುಬಾರಿಯಾದ ಒಂದೇ ಬ್ಯಾಟರಿ ಅನಿಸಿಕೊಳ್ಳುತ್ತವೆ. ಒಂದೇ ದೊಡ್ಡ ಬ್ಯಾಟರಿ ಹಾಕಿಸುವುದಕ್ಕೂ ಇದೇ ಉತ್ತರ. ಕೇಬಲ್ಲು ಕಡಿದರೆ 35 ಆದರೇನು, 65 ಆದರೇನು, ಅಲಾರಂಗೆ ಸಿಗುವುದು ಸೊನ್ನೆ.

ಈ ಬೇರೆತನದ ಮಾತು ನನ್ನೊಬ್ಬನ ತರ್ಕವಲ್ಲ. ಮೇಲೆ ಹೇಳಿದ 97ನೇ ನಿಯಮ ಅಲಾರಂಗೆ ಹೆಚ್ಚುವರಿ ಬ್ಯಾಟರಿ ಇಡಲು ಅವಕಾಶ ಕೊಡುತ್ತದೆ, ಜೊತೆಗೇ ಒಂದು ಕಟ್ಟುನಿಟ್ಟಿನ ಷರತ್ತು ಹಾಕುತ್ತದೆ: ಆ ಬ್ಯಾಟರಿ ವಾಹನದ ಬೇರೆ ಯಾವ ವಿದ್ಯುತ್ ಭಾಗಕ್ಕೂ ಕರೆಂಟ್ ಕೊಡಕೂಡದು. ಬ್ರಿಟನ್ನಿನ ವಿಮಾ ಕಂಪನಿಗಳ ಬೆಂಬಲದ ಥ್ಯಾಚಮ್ ಸಂಸ್ಥೆ ಅಲಾರಂಗಳನ್ನು ದರ್ಜೆಗಳಾಗಿ ವಿಂಗಡಿಸಿದಾಗ, ಮೊದಲ ದರ್ಜೆಗೆ ಬೇಕಾದ ಲಕ್ಷಣಗಳಲ್ಲಿ ಸ್ವಂತ ಬ್ಯಾಟರಿಯುಳ್ಳ ಸೈರನ್ನೂ ಒಂದು. ಇಂಥ ಸೈರನ್ನಿನ ಹೊಟ್ಟೆಯಲ್ಲೇ ಪುಟ್ಟ ಬ್ಯಾಟರಿ ಇರುತ್ತದೆ. ಕಾರಿನ ಕರೆಂಟ್ ಬರುತ್ತಿರುವವರೆಗೆ ಅದು ಚಾರ್ಜಾಗುತ್ತ ಸುಮ್ಮನಿರುತ್ತದೆ. ಕರೆಂಟ್ ಕಡಿದ ಕ್ಷಣವೇ ಕೂಗುತ್ತದೆ. ಕೇಬಲ್ಲು ಕಿತ್ತವನಿಗೆ ಅಲ್ಲಿಗೆ ಕೆಲಸ ಮುಗಿಯುವ ಬದಲು ಕೆಲಸ ಕೆಡುತ್ತದೆ.

ಕೂಗಲು ಎಷ್ಟು ಕರೆಂಟ್ ಬೇಕು ಎಂದರೆ ಅಚ್ಚರಿಯಾದೀತು. 20 ವ್ಯಾಟಿನ ಸೈರನ್ನು 12 ವೋಲ್ಟಿನಲ್ಲಿ ಸುಮಾರು 1.7 ಆಂಪಿಯರ್ ಎಳೆಯುತ್ತದೆ. ಒಮ್ಮೆಗೆ 25ರಿಂದ 30 ಸೆಕೆಂಡು ಕೂಗಬೇಕೆನ್ನುವುದು ಅದೇ 97ನೇ ನಿಯಮ. ಅರ್ಧ ನಿಮಿಷದ ಒಂದು ಕೂಗಿಗೆ 0.014 ಆಂಪಿಯರ್-ಅವರ್ ಹೋಯಿತು; ಹತ್ತು ಸಲ ಕೂಗಿದರೂ 0.14. ಅಂಗೈಯಲ್ಲಿ ಹಿಡಿಯುವಂಥ 1.3 ಆಂಪಿಯರ್-ಅವರ್‌ನ ಸೀಲ್ಡ್ ಬ್ಯಾಟರಿಗೆ ಇದು ಲೆಕ್ಕಕ್ಕಿಲ್ಲ. ದೊಡ್ಡದನ್ನು ಇಟ್ಟರೆ ಕೂಗು ಜೋರಾಗುವುದಿಲ್ಲ. ಹೆಚ್ಚು ದಿನ ಕಾಯಬೇಕಾದಾಗ ಮಾತ್ರ ಗಾತ್ರಕ್ಕೆ ಅರ್ಥ ಬರುತ್ತದೆ, ಆಗಲೂ ಕಂಪ್ಯೂಟರಿನ ಯುಪಿಎಸ್‌ನಲ್ಲಿರುವಂಥ 7 ಆಂಪಿಯರ್-ಅವರ್‌ನ ಬ್ಯಾಟರಿ ಧಾರಾಳವಾಯಿತು.

ಸೈರನ್ನಿನ ಹೊಟ್ಟೆಯ ಬ್ಯಾಟರಿ ಸಾಲದು, ಅಲಾರಂನ ಮಿದುಳೂ ವಾರಗಟ್ಟಲೆ ಎಚ್ಚರವಿರಬೇಕು ಎನ್ನುವವರು ಬೇರೆ ಬ್ಯಾಟರಿ ಕೂಡಿಸಲಿ. ಆದರೆ ಅಲ್ಲೊಂದು ತೊಡಕು ಇದೆ. ವಾಡಿಕೆಯ ಜೋಡಣೆ ಹೀಗಿರುತ್ತದೆ: ದೊಡ್ಡ ಬ್ಯಾಟರಿಯಿಂದ ಒಂದು ಡಯೋಡಿನ ಮೂಲಕ ಚಿಕ್ಕದಕ್ಕೆ ಚಾರ್ಜು, ಚಿಕ್ಕದರಿಂದ ಅಲಾರಂಗೆ ಕರೆಂಟ್. ಡಯೋಡು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವುದರಿಂದ ಚಿಕ್ಕದರ ಚಾರ್ಜು ಹಿಂದಕ್ಕೆ ಹರಿಯುವುದಿಲ್ಲ. ಎಂಜಿನ್ ಓಡುವಾಗ ಆಲ್ಟರ್ನೇಟರ್ ಕೊಡುವ 14.2 ವೋಲ್ಟಿನಲ್ಲಿ ಡಯೋಡು ಸುಮಾರು 0.6 ವೋಲ್ಟ್ ತಿಂದರೆ ಚಿಕ್ಕದಕ್ಕೆ 13.6 ಸಿಗುತ್ತದೆ. ಸೀಲ್ಡ್ ಬ್ಯಾಟರಿಗೆ ಅದು ಹದವಾದ ವೋಲ್ಟೇಜು. ಇಲ್ಲಿಯವರೆಗೆ ಎಲ್ಲ ಚೆಂದ. ಎಂಜಿನ್ ನಿಂತ ಮೇಲಿನ ಕಥೆ ಬೇರೆ. ದೊಡ್ಡದು 12.6 ವೋಲ್ಟಿಗೆ ಬಂದು ನಿಲ್ಲುತ್ತದೆ, ಚಿಕ್ಕದು 12.9ರ ಆಸುಪಾಸು. ಡಯೋಡು ದಾಟಿ ದೊಡ್ಡದರ ಕರೆಂಟ್ ಬರಬೇಕಾದರೆ ಚಿಕ್ಕದು 12.0ಕ್ಕೆ ಇಳಿಯಬೇಕು, ಅಂದರೆ ಮುಕ್ಕಾಲು ಪಾಲು ಖಾಲಿಯಾಗಬೇಕು. ಹೀಗಾಗಿ ಕಾರು ನಿಂತ ಮೊದಲ ತಾಸಿನಿಂದಲೇ ಅಲಾರಂ ಉಣ್ಣುವುದು ಚಿಕ್ಕದನ್ನೇ. 20 ಮಿಲಿಆಂಪಿಯರ್ ಲೆಕ್ಕದಲ್ಲಿ 1.3ರ ಬ್ಯಾಟರಿ ಎರಡು ದಿನಕ್ಕೆ, 7ರದ್ದು ಸುಮಾರು ಹನ್ನೊಂದು ದಿನಕ್ಕೆ ಈ ಸ್ಥಿತಿ ಮುಟ್ಟುತ್ತದೆ. ಆಪತ್ತಿಗೆಂದು ಎತ್ತಿಟ್ಟದ್ದು ಆಪತ್ತು ಬರುವ ಹೊತ್ತಿಗೆ ಬರಿದಾಗಿರುತ್ತದೆ.

ಪರಿಹಾರ ಕಷ್ಟದ್ದಲ್ಲ. ಅಲಾರಂಗೆ ಎರಡು ದಾರಿಯಿಂದ ಕರೆಂಟ್ ಕೊಡಬೇಕು, ಎರಡೂ ದಾರಿಗೆ ಡಯೋಡಿನ ಬಾಗಿಲು ಇರಬೇಕು. ದೊಡ್ಡ ಬ್ಯಾಟರಿಯ ಕಡೆ 0.3 ವೋಲ್ಟ್ ಮಾತ್ರ ತಿನ್ನುವ ಶಾಟ್ಕಿ ಡಯೋಡು; ಚಿಕ್ಕದರ ಕಡೆ ಸಾಮಾನ್ಯ ಡಯೋಡು ಎರಡು, ಒಂದರ ಹಿಂದೊಂದು. ಆಗ ಅಲಾರಂಗೆ ದೊಡ್ಡದರಿಂದ 12.3 ವೋಲ್ಟ್ ಸಿಗುತ್ತಿದ್ದರೆ ಚಿಕ್ಕದರಿಂದ 11.7 ಮಾತ್ರ. ಹೆಚ್ಚು ವೋಲ್ಟ್ ಇರುವ ಕಡೆಯಿಂದಲೇ ಕರೆಂಟ್ ಹರಿಯುವುದರಿಂದ ದೊಡ್ಡದು ನೆಟ್ಟಗಿರುವವರೆಗೆ ಚಿಕ್ಕದು ಕೈಹಾಕುವುದಿಲ್ಲ. ದೊಡ್ಡದು ಇಳಿದಾಗ ಅಥವಾ ಕಡಿದಾಗ ತಾನಾಗಿ ಮುಂದೆ ಬರುತ್ತದೆ. 9 ವೋಲ್ಟಿನವರೆಗೂ ಕೆಲಸ ಮಾಡುವ ಅಲಾರಂಗೆ 11.7 ಸಾಕು. ಇದನ್ನೇ ರಿಲೇಯಿಂದ ಮಾಡಬಾರದೇ ಎಂದರೆ, ಸಾಮಾನ್ಯ ರಿಲೇಯ ಕಾಯಿಲ್ಲೇ ನೂರಕ್ಕೂ ಹೆಚ್ಚು ಮಿಲಿಆಂಪಿಯರ್ ಎಳೆಯುತ್ತದೆ. ಅಲಾರಂಗಿಂತ ಐದು ಪಟ್ಟು ಉಣ್ಣುವ ಕಾವಲು ಬೇಡ.

ಇನ್ನು ಕೆಲವು ಎಚ್ಚರಿಕೆಗಳು, ಎಲ್ಲವೂ ಬೇರೆತನದ ಸೂತ್ರದಿಂದಲೇ ಹುಟ್ಟುವಂಥವು. ಅಲಾರಂ ಕೂಗುವಾಗ ಇಂಡಿಕೇಟರುಗಳೂ ಮಿಂಚುತ್ತವಲ್ಲ, ಅವುಗಳ ವೈರನ್ನು ಚಿಕ್ಕ ಬ್ಯಾಟರಿಗೆ ಕೊಡಬಾರದು. 21 ವ್ಯಾಟಿನ ನಾಲ್ಕು ಬಲ್ಬು, ಪಕ್ಕದ 5 ವ್ಯಾಟಿನವು ಎರಡು, ಒಟ್ಟು 94 ವ್ಯಾಟು. ಹತ್ತಿರ ಹತ್ತಿರ 8 ಆಂಪಿಯರ್. ಅವು ದೊಡ್ಡದರ ಮೇಲೆಯೇ ಇರಲಿ, ಅದು ಸತ್ತಾಗ ಮಿಂಚದಿದ್ದರೂ ನಷ್ಟವಿಲ್ಲ, ಕೂಗು ಉಳಿದರಾಯಿತು. ಎರಡೂ ಬ್ಯಾಟರಿಗಳ ಪಾಸಿಟಿವ್ ಟರ್ಮಿನಲ್ಲಿನ ಪಕ್ಕದಲ್ಲೇ, ಒಂದು ಗೇಣಿನೊಳಗೆ, ಒಂದೊಂದು ಫ್ಯೂಜು ಬೇಕು. ಫ್ಯೂಜು ಕಾಯುವುದು ವೈರನ್ನು. ಬ್ಯಾಟರಿಗೂ ಫ್ಯೂಜಿಗೂ ನಡುವಿನ ವೈರು ಬಾಡಿಗೆ ತಾಗಿದರೆ ಕಾಯುವವರಿಲ್ಲ, ನೇರ ಬೆಂಕಿ. ಬರಿದಾದ ಚಿಕ್ಕ ಬ್ಯಾಟರಿ ಒಮ್ಮೆಲೇ ಹೆಚ್ಚು ಕರೆಂಟ್ ನುಂಗದಂತೆ ಚಾರ್ಜಿನ ದಾರಿಯಲ್ಲಿ ತಡೆಯೊಂದಿರಬೇಕು. 7ರ ಬ್ಯಾಟರಿಗೆ ಹಳೆಯ ಮಿಸ್ತ್ರಿಗಳ ಉಪಾಯವಾದ 21 ವ್ಯಾಟಿನ ಬಲ್ಬು ಇಂದಿಗೂ ಒಳ್ಳೆಯದೇ, ಅದು 1.75 ಆಂಪಿಯರ್ ಮೀರಿ ಬಿಡುವುದಿಲ್ಲ. 1.3ರದ್ದಕ್ಕೆ 5 ವ್ಯಾಟಿನ ಬಲ್ಬು ಸಾಕು. ಜಾಗದ ವಿಷಯಕ್ಕೆ ಬಂದರೆ, ಬಾನೆಟ್ಟಿನ ಕೆಳಗೆ ಇಡಬಾರದು. ಏಪ್ರಿಲ್‌ನಲ್ಲಿ ಹೊರಗೇ 37 ಡಿಗ್ರಿ ಇರುವಾಗ ಎಂಜಿನ್ನಿನ ಮಗ್ಗುಲಲ್ಲಿ ಇನ್ನೆಷ್ಟೋ ಹೆಚ್ಚು. ಸೀಲ್ಡ್ ಬ್ಯಾಟರಿಯ ಆಯುಷ್ಯ 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಅರ್ಧವಾಗುತ್ತದೆಂಬುದು ಒಪ್ಪಿತ ಲೆಕ್ಕ. ದೊಡ್ಡದರ ಪಕ್ಕದಲ್ಲೇ ಇಟ್ಟರೆ ಎರಡನ್ನೂ ಒಂದೇ ಕೈ ಕೀಳುತ್ತದೆ ಎಂಬುದು ಇನ್ನೊಂದು ಕಾರಣ. ಒಳಗೆ ಡ್ಯಾಶ್‌ಬೋರ್ಡಿನ ಹಿಂದೆಯೋ ಸೀಟಿನ ಕೆಳಗೋ ಬಿಗಿಯಾಗಿ ಕೂಡಿಸಲಿ, ಆದರೆ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡುವುದು ಬೇಡ. ಚಾರ್ಜು ಅತಿಯಾದರೆ ಸೀಲ್ಡ್ ಬ್ಯಾಟರಿಯೂ ಹೈಡ್ರೋಜನ್ ಬಿಡುತ್ತದೆ, ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಸೇರಿದರೆ ಕಿಡಿಗಾಗಿ ಕಾದಿರುತ್ತದೆ.

'ನಮ್ಮ ಕಾರಿನಲ್ಲಿ ಕಂಪನಿಯೇ ಎರಡು ಬ್ಯಾಟರಿ ಕೊಟ್ಟಿದೆ' ಎನ್ನುವವರಿಗೂ ಒಂದು ಮಾತು. 2018ರ ಸಿಯಾಜ್, ಎರ್ಟಿಗಾಗಳಲ್ಲಿ ಮಾರುತಿ ಸುಜುಕಿ ಸ್ಮಾರ್ಟ್ ಹೈಬ್ರಿಡ್ ಹೆಸರಿನಲ್ಲಿ ಸೀಸದ ಬ್ಯಾಟರಿಯ ಜೊತೆ ಲಿಥಿಯಂ ಬ್ಯಾಟರಿ ಕೊಟ್ಟದ್ದು ನಿಜ. ಅದು ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಹಿಡಿದಿಟ್ಟು ಎಂಜಿನ್ನಿಗೆ ನೆರವಾಗಲು ಇರುವುದು, ಅಲಾರಂನ ಕಾವಲಿಗಲ್ಲ. ಲಾರಿಯಲ್ಲಿರುವ ಎರಡು ಬ್ಯಾಟರಿಗಳೂ ಅಷ್ಟೇ, 24 ವೋಲ್ಟಿಗಾಗಿ ಒಂದರ ಬೆನ್ನಿಗೊಂದು ಕಟ್ಟಿದವು. ಒಂದನ್ನು ಕಿತ್ತರೆ ಎರಡೂ ನಿಂತವು. ಎಲೆಕ್ಟ್ರಿಕ್ ಕಾರಿನ ಹೊಟ್ಟೆಯಲ್ಲಿ ಎಷ್ಟೇ ದೊಡ್ಡ ಬ್ಯಾಟರಿ ಇರಲಿ, ಬಾಗಿಲು, ದೀಪ, ಅಲಾರಂ ನಡೆಯುವುದು ಬೇರೊಂದು 12 ವೋಲ್ಟಿನ ಬ್ಯಾಟರಿಯ ಮೇಲೆಯೇ. ಹೊಸ ಕಾರುಗಳಲ್ಲಿ ಇನ್ನೊಂದು ತೊಡಕಿದೆ: ಆಲ್ಟರ್ನೇಟರನ್ನು ಕಂಪ್ಯೂಟರು ಆಳುವುದರಿಂದ ವೋಲ್ಟೇಜು ಆಗಾಗ 13ರ ಕೆಳಗೂ ಇಳಿಯುತ್ತದೆ, ಡಯೋಡಿನ ಆಚೆ ಚಾರ್ಜೇ ಆಗುವುದಿಲ್ಲ. ಅಲ್ಲಿ ವೋಲ್ಟೇಜು ಏರಿಸಿ ಕೊಡುವ ಡಿಸಿ-ಡಿಸಿ ಚಾರ್ಜರ್ ಬೇಕು. ವಾರಂಟಿ ಇರುವ ಕಾರಾದರೆ ವೈರಿಂಗ್ ಕತ್ತರಿಸುವ ಮೊದಲು ಷೋರೂಮಿನವರನ್ನು ಕೇಳುವುದು ಲೇಸು.

ಕೊನೆಗೆ ಎರಡು ಗಟ್ಟಿ ಆಕ್ಷೇಪಗಳು. ಅಲಾರಂ ಕೂಗಿದರೆ ಯಾರು ಓಡಿಬರುತ್ತಾರೆ, ಇಷ್ಟೆಲ್ಲ ಖರ್ಚು ಯಾತಕ್ಕೆ ಎನ್ನುವುದು ಮೊದಲನೆಯದು. ಈ ಆಕ್ಷೇಪದಲ್ಲಿ ಸತ್ಯಾಂಶ ದೊಡ್ಡದು. ಯುರೋಪ್ ಒಕ್ಕೂಟ 1998ರಿಂದ ಹೊಸ ಕಾರುಗಳಿಗೆ, ಸರಿಯಾದ ಕೀಲಿ ಇಲ್ಲದೆ ಎಂಜಿನ್ ಶುರುವಾಗಗೊಡದ ಇಮ್ಮೊಬಿಲೈಸರ್ ಕಡ್ಡಾಯ ಮಾಡಿತು. ನೆದರ್‌ಲ್ಯಾಂಡ್ಸ್‌ನ ಕಳವಿನ ದಾಖಲೆ ಪರಿಶೀಲಿಸಿದ ಅರ್ಥಶಾಸ್ತ್ರಜ್ಞರು ಅದರಿಂದ ಕಾರು ಕಳವು ಸುಮಾರು ನೂರಕ್ಕೆ 40ರಷ್ಟು ತಗ್ಗಿತೆಂದು ಕಂಡರು. ನಮ್ಮಲ್ಲಿ 2002ರ ಮೋಟಾರ್ ವಿಮಾ ಸುಂಕಪಟ್ಟಿ, ಪುಣೆಯ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐ ಒಪ್ಪಿದ ಕಳವು ತಡೆ ಸಾಧನಕ್ಕೆ ಕೊಟ್ಟ ರಿಯಾಯಿತಿ ನೂರಕ್ಕೆ ಎರಡೂವರೆ, ಅದೂ 500 ರೂಪಾಯಿಯ ಮಿತಿಯಲ್ಲಿ. ಅಂದರೆ ವಿಮೆಯವರ ನಂಬಿಕೆಯೂ ಅಷ್ಟಕ್ಕಷ್ಟೇ. ಇಮ್ಮೊಬಿಲೈಸರಿಗೆ ಎರಡನೇ ಬ್ಯಾಟರಿಯ ಹಂಗಿಲ್ಲ ಎಂಬುದನ್ನೂ ಗಮನಿಸಬೇಕು. ಅದು ಕರೆಂಟ್ ಇದ್ದಾಗ ಎಂಜಿನ್ನಿಗೆ ಅಪ್ಪಣೆ ಕೊಡುತ್ತದೆ, ಕರೆಂಟ್ ಇಲ್ಲದಿದ್ದರೆ ಅಪ್ಪಣೆಯೇ ಇಲ್ಲ. ಅಲಾರಂಗೆ ಕರೆಂಟ್ ಇಲ್ಲದಿದ್ದರೆ ದನಿಯೇ ಇಲ್ಲ. ಆದ್ದರಿಂದ ಕಾರು ಉಳಿಸಲು ಮೊದಲ ಖರ್ಚು ಇಮ್ಮೊಬಿಲೈಸರಿಗೇ ಆಗಲಿ. ಆದರೆ ಗಾಜು ಒಡೆದು ಬ್ಯಾಗು ಎತ್ತುವವನಿಗೆ, ಚಕ್ರ ಬಿಚ್ಚುವವನಿಗೆ, ಬ್ಯಾಟರಿಯನ್ನೇ ಒಯ್ಯುವವನಿಗೆ ಎಂಜಿನ್ ಬೇಕಿಲ್ಲ. ಅವರನ್ನು ಅಂಜಿಸುವ ಸಾಧನವೆಂದರೆ ದನಿಯೊಂದೇ.

ಎರಡನೆಯ ಆಕ್ಷೇಪ ನೆರೆಹೊರೆಯವರದು. ಬೆಕ್ಕು ಹಾರಿದರೂ ಕೂಗುವ ಅಲಾರಂಗೆ ಸಾಯದ ಬ್ಯಾಟರಿ ಬೇರೆ ಕೊಟ್ಟರೆ ನಿದ್ದೆಯ ಗತಿ ಏನು? 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಮಿತಿ 45 ಡೆಸಿಬಲ್. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನೂರು ಮೀಟರಿನ ನಿಶ್ಶಬ್ದ ವಲಯದಲ್ಲಿ ಇನ್ನೂ ಕಡಿಮೆ. ಜನ ಕಿಮ್ಸ್ ಎನ್ನುವ ಹುಬ್ಬಳ್ಳಿಯ ಆಸ್ಪತ್ರೆಯ ಸುತ್ತ ಕಾರು ನಿಲ್ಲಿಸುವವರು ಇದನ್ನು ಮರೆಯಬಾರದು. ಇದಕ್ಕೆ ಉತ್ತರ ಸ್ವಂತ ಬ್ಯಾಟರಿ ಬಿಡುವುದಲ್ಲ, ಅಲುಗಾಟದ ಸೆನ್ಸರಿನ ಸೂಕ್ಷ್ಮತೆ ತಗ್ಗಿಸುವುದು ಮತ್ತು ಅರ್ಧ ನಿಮಿಷಕ್ಕೆ ತಾನೇ ನಿಲ್ಲುವ ಸೈರನ್ನನ್ನೇ ಕೊಳ್ಳುವುದು. ಸ್ವಂತ ಬ್ಯಾಟರಿಯ ಸೈರನ್ನಿಗೆ ಆರಿಸುವ ಕೀಲಿ ಇರುತ್ತದೆ. ಸರ್ವಿಸ್‌ಗೆ ಬಿಡುವಾಗ ಆ ಕೀಲಿ ತಿರುಗಿಸಿ ಕೊಡದಿದ್ದರೆ ಬ್ಯಾಟರಿ ಬಿಚ್ಚಿದ ಮೆಕ್ಯಾನಿಕ್ಕನ ಕಿವಿ ಉಳಿಯುವುದಿಲ್ಲ.

ಹೀಗಾಗಿ ಖರ್ಚಿಗೊಂದು ಸರದಿ ಇದೆ. ಮೊದಲು ಸೋರಿಕೆ ಅಳೆಯಿರಿ, ಅದಕ್ಕೆ ಮೀಟರು ಮತ್ತು ಅರ್ಧ ಗಂಟೆ ಸಾಕು. ಆಮೇಲೆ ಇಮ್ಮೊಬಿಲೈಸರ್ ಇದೆಯೇ ನೋಡಿರಿ. ಬೀದಿಯಲ್ಲಿ ಕಾರು ನಿಲ್ಲಿಸುವವರು ಸ್ವಂತ ಬ್ಯಾಟರಿಯುಳ್ಳ ಸೈರನ್ನು ಹಾಕಿಸಿಕೊಳ್ಳಲಿ, ಹೆಚ್ಚಿನವರಿಗೆ ಎರಡನೇ ಬ್ಯಾಟರಿ ಎಂದರೆ ಅದೇ. ವಾರಗಟ್ಟಲೆ ಬಿಟ್ಟು ಹೋಗುವವರಿಗೆ ಮಾತ್ರ ಎರಡು ದಾರಿ, ಎರಡು ಬಾಗಿಲಿನ ಬೇರೆ ಬ್ಯಾಟರಿ. ಅದನ್ನು ಕೂಡಿಸುವಾಗ ಮಿಸ್ತ್ರಿಯನ್ನು ಒಂದೇ ಪ್ರಶ್ನೆ ಕೇಳಿರಿ: 'ದೊಡ್ಡ ಬ್ಯಾಟರಿಯ ಕೇಬಲ್ಲು ಈಗಲೇ ತೆಗೆದರೆ ಅಲಾರಂ ನಡೀತದೋ ಇಲ್ಲೋ?' ಅಲ್ಲೇ ತೆಗೆಸಿ, ಬಾಗಿಲು ತೆರೆದು ನೋಡಿರಿ. ಕೂಗಿದರೆ ದುಡ್ಡು ಕೊಡಿರಿ. ಕೂಗದಿದ್ದರೆ ನಿಮ್ಮ ಕಾರಿಗೆ ಸಿಕ್ಕದ್ದು ಬರೀ ಭಾರ.